ಬ್ರಷ್ಷಯ್ಯನ ಭಾಗಾಕಾರ

ಶಾಲೆಯಿಂದ ಒಂದು ಕಾಗದ ಬಂತು. ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ. ‘ನಿಮ್ಮ ಮಗುವಿನ ಹೋಂವರ್ಕಿನಲ್ಲಿ ನಿಮ್ಮ ಸಹಾಯ ಎಷ್ಟು?’ ಕೆಳಗೆ ನಾಲ್ಕು ಚೌಕಗಳು: ಪೂರ್ತಿ, ಅರ್ಧ, ಸ್ವಲ್ಪ, ಇಲ್ಲವೇ ಇಲ್ಲ. ಒಂದಕ್ಕೆ ಗುರುತು ಹಾಕಿ, ಸಹಿ ಮಾಡಿ, ಮರುದಿನವೇ ವಾಪಸು ಕಳಿಸಬೇಕು.

ಬ್ರಷ್ಷಯ್ಯ ಕನ್ನಡಕ ಏರಿಸಿದ, ಗಂಟಲು ಸರಿಮಾಡಿಕೊಂಡ. ಊರಿನ ಅಂಗಡಿ ಬೋರ್ಡುಗಳಲ್ಲಿ ಅರ್ಧಕ್ಕರ್ಧ ಅವನ ಕೈಯಿಂದ ಇಳಿದವು. ಇಪ್ಪತ್ತು ವರ್ಷ ಬ್ರಷ್ ಹಿಡಿದು ಹಿಡಿದು, ಅವನ ನಿಜವಾದ ಹೆಸರು ಏನೆಂದು ಮನೆಯವರೇ ಒಂದು ಕ್ಷಣ ಯೋಚಿಸಿ ಹೇಳಬೇಕಾದ ಪರಿಸ್ಥಿತಿ ಬಂದಿತ್ತು.

“ಇಲ್ಲವೇ ಇಲ್ಲ!” ಎಂದು ಘೋಷಿಸಿದ. “ಈ ಮನೇಲಿ ಅವರವರ ಕೆಲಸ ಅವರವರದು. ಮಗಳ ಪುಸ್ತಕಕ್ಕೆ ನಾನು ಕೈ ಹಾಕಲ್ಲ. ನನ್ನ ಕಾಲದಲ್ಲಿ ನನ್ನ ಹೋಂವರ್ಕಿಗೆ ಯಾರು ಬಂದಿದ್ರು?”

“ನೀವೇ ಬಂದಿರ್ಲಿಲ್ಲ ಅಂತ ಅತ್ತೆ ಹೇಳ್ತಿದ್ರು,” ಎಂದಳು ಹೆಂಡತಿ.

ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ದಿನವಿಡೀ ಡಾಕ್ಟರುಗಳ ಚೀಟಿ ಓದಿ ಓದಿ ಅವಳ ಕಣ್ಣು ಎಂಥಾ ಹದಕ್ಕೆ ಬಂದಿತ್ತೆಂದರೆ, ಇರುವೆಯೊಂದು ಶಾಯಿಯಲ್ಲಿ ಮಿಂದು ಕಾಗದದ ಮೇಲೆ ನಡೆದು ಹೋದರೂ, ‘ದಿನಕ್ಕೆ ಮೂರು ಸಲ, ಊಟದ ನಂತರ’ ಎಂದು ಓದಿ ಹೇಳುತ್ತಿದ್ದಳು. ಅಂಥವಳ ಎದುರಿಗೇ ಬ್ರಷ್ಷಯ್ಯ ‘ಇಲ್ಲವೇ ಇಲ್ಲ’ ಚೌಕದಲ್ಲಿ ಗುರುತು ಹಾಕಿದ. ಬರೀ ಗುರುತು ಹಾಕಿ ಸುಮ್ಮನಾಗುವ ಆಸಾಮಿಯೇ ಅವನು? ಎರಡನೇ ನಂಬರಿನ ಬ್ರಷ್ ತಂದು, ಆ ಮಾತನ್ನೇ ಕೆಂಪು ಬಣ್ಣದಲ್ಲಿ ಬಳುಕಿಸಿ ಬರೆದು, ಕೆಳಗೊಂದು ನೆರಳನ್ನೂ ಎಳೆದ. ಅದು ಒಣಗಲು ಒಂದು ಗಂಟೆ ಹಿಡಿಯಿತು.

ಮಗಳು ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಐದನೇ ಕ್ಲಾಸು. ಆಳು ತೆಳ್ಳಗೆ, ಮಾತು ಕಡ್ಡಿ ಮುರಿದ ಹಾಗೆ. ಆದ್ದರಿಂದ ಮನೆಯಲ್ಲಿ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು.

“ಅಪ್ಪ, ಒಂದು ಟಿಕ್ ಹಾಕಿದ್ರೆ ಸಾಕಿತ್ತು,” ಎಂದಳು ಕಡ್ಡಿ.

ಆ ವಾರವೇ ಲೆಕ್ಕದ ಮೇಡಂ ಭಾಗಾಕಾರ ಶುರುಮಾಡಿದರು. ದಿನಕ್ಕೆ ಇಪ್ಪತ್ತು ಲೆಕ್ಕ ಹೋಂವರ್ಕು. ಕಡ್ಡಿಗೋ ಶಾಲೆ ಬಿಟ್ಟ ಮೇಲೆ ಓಟದ ಅಭ್ಯಾಸ. ನಾಲ್ಕು ಹುಡುಗಿಯರು ಕೋಲನ್ನು ಕೈಯಿಂದ ಕೈಗೆ ದಾಟಿಸುತ್ತಾ ಓಡುವ ಪಂದ್ಯದಲ್ಲಿ ಅವಳದು ಮೂರನೇ ಸ್ಥಾನ. ಊರಿನ ಎಲ್ಲ ಶಾಲೆಗಳ ಪಂದ್ಯಕ್ಕೆ ಒಂದೇ ತಿಂಗಳಿತ್ತು. ಸಂಜೆ ಧೂಳು ಮೆತ್ತಿಕೊಂಡು ಬಂದು, ಕಾಲು ತೊಳೆದು, ಲೆಕ್ಕಕ್ಕೆ ಕೂತು, ಊಟ ಮಾಡಿ ಮಲಗಿಬಿಡುತ್ತಿದ್ದಳು.

ಬೆಳಿಗ್ಗೆ ಬ್ರಷ್ಷಯ್ಯ ಟೀ ಲೋಟ ಹಿಡಿದು ಮೇಜಿನ ಹತ್ತಿರ ಬಂದ. ಪುಸ್ತಕ ತೆರೆದೇ ಇತ್ತು. ಅಲ್ಲೊಂದು ಇಲ್ಲೊಂದು ಲೆಕ್ಕ ಮಾಡಿದ್ದಳು. ನಡುನಡುವೆ ಹತ್ತು ಲೆಕ್ಕಗಳ ಜಾಗ ಖಾಲಿ. ಈ ಖಾಲಿ ಜಾಗ ಇದೆಯಲ್ಲ, ಅದೇ ಅವನ ರೋಗ. ಖಾಲಿ ಗೋಡೆ, ಖಾಲಿ ಷಟರ್, ಖಾಲಿ ತಗಡು, ಏನು ಕಂಡರೂ ಅವನ ಬಲಗೈ ತುರಿಸುತ್ತಿತ್ತು.

ಮೊದಲು ಬರೀ ಮಾರ್ಜಿನ್ ಗೆರೆ ಎಳೆದ. ಗೆರೆ ಎಳೆಯುವುದು ಸಹಾಯವೇ? ಅಲ್ಲ. ಆಮೇಲೆ ಲೆಕ್ಕಗಳ ನಂಬರ್ ಬರೆದ. ನಂಬರ್ ಬರೆಯುವುದು ಸಹಾಯವೇ? ಖಂಡಿತಾ ಅಲ್ಲ. ಆಮೇಲೆ ಪ್ರಶ್ನೆಗಳನ್ನು ನಕಲು ಮಾಡಿದ. ಆಮೇಲೆ ಟೀ ಆರಿತು, ಬ್ರಷ್ಷಯ್ಯ ಆರಲಿಲ್ಲ! ಇಪ್ಪತ್ತು ಲೆಕ್ಕವೂ ಮುಗಿದಿತ್ತು. ಅದೂ ಹೇಗೆ? ಮಗಳ ಅಕ್ಷರದಲ್ಲೇ! ಅವಳ ವಾಲಿದ ಎರಡು, ಹೊಟ್ಟೆ ಸಣ್ಣಗಾದ ಎಂಟು, ಎಲ್ಲವೂ ಯಥಾವತ್ತು. ಯಾರ ಬರಹ ಬೇಕಾದರೂ ಇಳಿಸಬಲ್ಲ ಕೈ ಅದು. ಸಂತೋಷದಿಂದ ಅವನ ಮೈ ಜುಮ್ಮೆಂದಿತು.

ಕಡ್ಡಿ ಜಡೆ ಹಾಕಿಸಿಕೊಂಡು ಬಂದು ಪುಟ ನೋಡಿದಳು. ಒಂದು ನಿಮಿಷ ನೋಡಿದಳು. ಇನ್ನೊಂದು ನಿಮಿಷ ನೋಡಿದಳು.

“ಅಪ್ಪ, ಇವನ್ನ ನೀನು ಮಾಡಿದ್ಯಾ?”

“ಛೆ, ಛೆ! ಜಾಗ ಖಾಲಿ ಇತ್ತು, ಸ್ವಲ್ಪ ತುಂಬಿಸ್ದೆ ಅಷ್ಟೆ.”

“ನೀನೇ ಲೆಕ್ಕ ಹಾಕಿ?”

“ಮತ್ತೆ? ನಲವತ್ತು ಅಡಿ ಬೋರ್ಡಿನಲ್ಲಿ ಹದಿಮೂರು ಅಕ್ಷರ ಸಮ ಕೂರಿಸೋನು ಕಣೇ ನಾನು!”

ಕಡ್ಡಿ ಪುಸ್ತಕ ಚೀಲಕ್ಕೆ ಹಾಕಿಕೊಂಡಳು. ಮರುದಿನ ಬೆಳಿಗ್ಗೆಯೂ ಹತ್ತು ಲೆಕ್ಕ ಖಾಲಿಯಿತ್ತು. ಅದರ ಮರುದಿನವೂ.

ಈಗ ಬ್ರಷ್ಷಯ್ಯನ ತಲೆಯಲ್ಲಿ ಹೊಸ ಹುಳ ಹೊಕ್ಕಿತು. ಐದನೇ ಕ್ಲಾಸಿನ ಹುಡುಗಿ ದಿನಾ ಇಪ್ಪತ್ತಕ್ಕೆ ಇಪ್ಪತ್ತು ಸರಿ ಮಾಡಿದರೆ ಮೇಡಂಗೆ ಅನುಮಾನ ಬರುವುದಿಲ್ಲವೇ? ಅದಕ್ಕೆ ಅವನೊಂದು ಉಪಾಯ ಮಾಡಿದ. ಪುಟಕ್ಕೆ ಎರಡೇ ಎರಡು ತಪ್ಪು, ಬೇಕೆಂತಲೇ ಹಾಕುವುದು! ಎಂಥ ತಪ್ಪು? ಮಕ್ಕಳು ಮಾಡುವಂಥ ಮುದ್ದಾದ ತಪ್ಪು. ಆರಕ್ಕೆ ಒಂಬತ್ತು, ಒಂದಕ್ಕೆ ಏಳು. ಎಲ್ಲಿ ಹಾಕಬೇಕು ಎಂದು ಹತ್ತು ನಿಮಿಷ ಯೋಚಿಸಿ, ಕಣ್ಣಿಗೆ ಹಿತವಾಗುವ ಜಾಗ ನೋಡಿ ಕೂರಿಸುತ್ತಿದ್ದ.

ಮೊದಲು ಸಿಕ್ಕಿಬಿದ್ದದ್ದು ಹೆಂಡತಿಯ ಕೈಗೆ. ಊಟದ ಡಬ್ಬಿ ತುಂಬುತ್ತಾ ಪುಸ್ತಕದ ಮೇಲೆ ಒಮ್ಮೆ ಕಣ್ಣು ಹಾಯಿಸಿದಳು, ಅಷ್ಟೇ.

“ಈ ಏಳು ನಿಮ್ಮದು.”

“ಯಾವ ಏಳು? ಅದು ಮಗಳದು!”

“ಐದನೇ ಕ್ಲಾಸಿನ ಮಕ್ಕಳು ಏಳಕ್ಕೆ ನೆರಳು ಎಳೆಯಲ್ಲ ರೀ.”

ಬ್ರಷ್ಷಯ್ಯ ಬಗ್ಗಿ ನೋಡಿದ. ನಿಜ! ಕೈ ತನ್ನ ಪಾಡಿಗೆ ತಾನು ಏಳರ ಬಲಗಡೆ ಸಣ್ಣಗೆ ನೆರಳು ಕೊಟ್ಟುಬಿಟ್ಟಿತ್ತು. ಇನ್ನು ಮುಂದೆ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟ. ಮಾತಿಗೆ ತಪ್ಪಲಿಲ್ಲ ಬಿಡಿ. ನೆರಳನ್ನು ಮತ್ತೆ ಮುಟ್ಟಲಿಲ್ಲ. ಲೆಕ್ಕ ಮಾತ್ರ ಮುಂದುವರಿಯಿತು, ಹೆಂಡತಿ ಸ್ನಾನಕ್ಕೆ ಹೋದ ಹೊತ್ತಿನಲ್ಲಿ.

ಮೂರು ವಾರ ಹೀಗೇ ಕಳೆಯಿತು. ಮಂಗಳವಾರ ಕಡ್ಡಿ ಒಂದು ಚೀಟಿ ತಂದು ಕೈಗಿಟ್ಟಳು. ಲೆಕ್ಕದ ಮೇಡಂ ಬರೆದದ್ದು. ‘ನಿಮ್ಮ ಮಗಳು ಭಾಗಾಕಾರದಲ್ಲಿ ಬಹಳ ಹಿಂದಿದ್ದಾಳೆ. ಸೋಮವಾರದಿಂದ ಅವಳನ್ನು ಆಸರೆ ತರಗತಿಗೆ ಸೇರಿಸಲಾಗುವುದು. ಶಾಲೆ ಬಿಟ್ಟ ನಂತರ ಒಂದು ಗಂಟೆ. ಶುಕ್ರವಾರ ನಾಲ್ಕಕ್ಕೆ ಬಂದು ಕಾಣಿ.’

ಬ್ರಷ್ಷಯ್ಯ ಎರಡು ಸಲ ಓದಿದ.

“ಶಾಲೆ ಬಿಟ್ಟ ನಂತರ ಅಂದ್ರೆ... ನಿನ್ನ ಓಟ?”

“ಎರಡೂ ಒಂದೇ ಹೊತ್ತಿಗೆ,” ಎಂದಳು ಕಡ್ಡಿ. “ಅಭ್ಯಾಸಕ್ಕೆ ಬರದೇ ಇದ್ದೋರನ್ನ ಪಂದ್ಯದಿಂದ ತೆಗೀತಾರೆ.” ಅಷ್ಟು ಹೇಳಿ ಷೂ ಬಿಚ್ಚತೊಡಗಿದಳು. ಲೇಸಿನ ಗಂಟು ಬಿಡಿಸಲು ಯಾವತ್ತಿಗಿಂತ ಹೆಚ್ಚು ಹೊತ್ತು ಹಿಡಿಯಿತು. ತಲೆ ಎತ್ತಲಿಲ್ಲ.

ಬ್ರಷ್ಷಯ್ಯ ಪುಸ್ತಕ ಎಳೆದುಕೊಂಡು ಹಳೆಯ ಪುಟಗಳನ್ನು ತೆರೆದ. ಇಷ್ಟು ದಿನ ನೋಡಿರಲಿಲ್ಲ. ಬರೆದು ಮುಗಿಸಿದ ಬೋರ್ಡನ್ನು ತಿರುಗಿ ನೋಡುವ ಅಭ್ಯಾಸವೇ ಅವನಿಗಿಲ್ಲ. ಈಗ ನೋಡಿದರೆ, ಅಯ್ಯಯ್ಯೋ, ಪುಟದ ತುಂಬ ಕೆಂಪು! ಒಂದೊಂದು ಪುಟದಲ್ಲಿ ಒಂಬತ್ತು ತಪ್ಪು! ಎರಡು ಇರಬೇಕಾದ ಕಡೆ ಒಂಬತ್ತು! ಎರಡು ಅವನು ಹಾಕಿದವು, ಸರಿ. ಮಿಕ್ಕ ಏಳು?

ಇನ್ಯಾರು, ಮಗಳು!

ಯಾವುದು ತನ್ನ ಲೆಕ್ಕ, ಯಾವುದು ಮಗಳದು ಎಂದು ಗುರುತಿಸಲು ನೋಡಿದ. ಆಗಲಿಲ್ಲ. ಅಷ್ಟು ಚೆನ್ನಾಗಿ ನಕಲು ಮಾಡಿದ್ದ! ತನ್ನ ಕೈಚಳಕಕ್ಕೆ ತಾನೇ ಬೆರಗಾಗುವ ಹೊತ್ತಲ್ಲ ಅದು, ಆದರೂ ಒಂದು ಕ್ಷಣ ಬೆರಗಾದ. ಆಮೇಲೆ ವಿಷಯ ಹೊಳೆಯಿತು. ಮಗು ಲೆಕ್ಕದಲ್ಲಿ ಇಷ್ಟು ಹಿಂದಿದೆ, ತಾನು ಅರ್ಧರ್ಧ ಬರೆದು ಅದನ್ನು ಮುಚ್ಚಿಟ್ಟಿದ್ದೇನೆ! ಮೂರು ವಾರ ಯಾರಿಗೂ ಗೊತ್ತಾಗದ ಹಾಗೆ ಮಾಡಿದ್ದೇನೆ! ಅದರ ಮೇಲೆ ಶಾಲೆಯ ಫೈಲಿನಲ್ಲಿ ಕೆಂಪು ಬಣ್ಣದ ‘ಇಲ್ಲವೇ ಇಲ್ಲ’ ಬೇರೆ ಕೂತಿದೆ, ನೆರಳು ಸಮೇತ.

ಬುಧವಾರ ಸಂಜೆ ಮಗಳನ್ನು ಕೂರಿಸಿಕೊಂಡ. ಅವಸರದಲ್ಲಿ ಪಾಠ ಶುರುಮಾಡಿದ.

“ನೋಡು ಕಡ್ಡಿ, ಭಾಗಾಕಾರ ಅಂದ್ರೆ ಹೆದರಬಾರ್ದು. ನಾನು ಬೋರ್ಡಿನ ಮೇಲೆ ಮಾಡ್ತೀನಲ್ಲ, ಅದೇ. ದಾರ ತಗೋ, ಮಡಚು. ನಾನೂರ ಮೂವತ್ತೇಳು ಇಂಚಿನ ಬೋರ್ಡು, ಹನ್ನೆರಡು ಅಕ್ಷರ. ಒಂದೊಂದಕ್ಕೆ ಎಷ್ಟು? ಮೂವತ್ತಾರು! ಮುಗೀತು.”

“ಐದು ಉಳೀತಲ್ಲ ಅಪ್ಪ?”

“ಉಳಿಸಬಾರ್ದು ಪುಟ್ಟಾ! ಅದೇ ಗುಟ್ಟು. ಬೋರ್ಡಿನ ಕೊನೇಲಿ ಐದಿಂಚು ಖಾಲಿ ಬಿಟ್ರೆ ಅಂಗಡಿಯವನು ಉಗೀತಾನೆ. ಆ ಐದನ್ನ ಹಂಚಿಬಿಡಬೇಕು.”

“ಯಾರಿಗೆ?”

“ಎಲ್ಲಾ ಅಕ್ಷರಕ್ಕೂ, ಚೂರುಚೂರು. ಕಣ್ಣಿಗೇ ಕಾಣಲ್ಲ. ಕೊನೇಲಿ ಸೊನ್ನೆ ಬರಬೇಕು. ಸೊನ್ನೆ ಬಂತು ಅಂದ್ರೆ ಅಚ್ಚುಕಟ್ಟಾದ ಕೆಲಸ.”

“ಇನ್ನೂರೈವತ್ತನ್ನ ಹದಿನಾರರಿಂದ ಭಾಗಿಸಿದ್ರೆ?” ಕಡ್ಡಿ ಮೆಲ್ಲಗೆ ಕೇಳಿದಳು. “ಹದಿನೈದು ಸಲ ಹೋಗಿ ಹತ್ತು ಉಳಿಯತ್ತೆ.”

“ಹತ್ತು ಉಳಿದ್ರೆ ಬಿಡೋಕಾಗತ್ತಾ? ಇನ್ನಾರು ಸಿಕ್ರೆ ಇನ್ನೊಂದು ಅಕ್ಷರ ಹಿಡಿಯತ್ತೆ! ಅಕ್ಕಪಕ್ಕ ಸ್ವಲ್ಪ ಒತ್ತು. ಹದಿನಾರು ಅಂತ ಬರಿ.”

ಕಡ್ಡಿ ಅಪ್ಪನ ಮುಖವನ್ನೇ ನೋಡಿದಳು. ಮೈ ಬಿಸಿಯಾದವರ ಹಣೆ ಮುಟ್ಟಿ ನೋಡುವಾಗ ಅವಳ ಅಮ್ಮ ಹಾಗೆ ನೋಡುತ್ತಿದ್ದಳು. “ಸರಿ ಅಪ್ಪ,” ಎಂದಳು. “ನಾಳೆ ಬೆಳಿಗ್ಗೆ ನೀನೇ ಇನ್ನೊಂದು ಸಲ ಮಾಡಿ ನೋಡು.” ಎಂದಿನಂತೆ ಹತ್ತು ಖಾಲಿ ಬಿಟ್ಟು ಎದ್ದು ಹೋದಳು.

ಪಾಪ, ಹುಡುಗಿಗೆ ತಲೆಗೇ ಹತ್ತುತ್ತಿಲ್ಲ ಎಂದುಕೊಂಡ ಬ್ರಷ್ಷಯ್ಯ. ಅರ್ಧ ಪುಟವಾದರೂ ಪೂರ್ತಿ ಸರಿಯಿರಲಿ ಎಂದು ಗುರುವಾರ ಬೆಳಿಗ್ಗೆ ಬೇಕೆಂತಲೇ ಹಾಕುವ ಎರಡು ತಪ್ಪನ್ನೂ ಕೈಬಿಟ್ಟ. ಹತ್ತಕ್ಕೆ ಹತ್ತು ಲೆಕ್ಕದ ಕೊನೆಯಲ್ಲೂ ದುಂಡಗೆ ಸೊನ್ನೆ ಬರೆದು ನಿಟ್ಟುಸಿರು ಬಿಟ್ಟ.

ಅವತ್ತು ಕೆಲಸ ಹಲ್ಲಿನ ಡಾಕ್ಟರ ಬಾಗಿಲಿನಲ್ಲಿ. ಏಣಿ ಹತ್ತಿ ಹೆಸರು ಬರೆದು ಮುಗಿಸಿದ, ಆದರೆ ಮನಸ್ಸೆಲ್ಲ ಕೆಂಪು ಗುರುತುಗಳ ಮೇಲೆ. ಏಣಿಯ ಮೇಲಿಂದ ಎರಡು ರಸ್ತೆಯಾಚೆಗಿನ ಶಾಲೆಯ ಮೈದಾನ ಕಾಣುತ್ತಿತ್ತು. ನಾಲ್ಕು ಚುಕ್ಕೆಗಳು ಓಡುತ್ತಿದ್ದವು. ಮೂರನೆಯದು ಅವನದು. ಕೋಲು ಕೈಗೆ ಬಂದದ್ದೇ ತಡ, ಕಡ್ಡಿ ಹಿಂದಿರುಗಿ ನೋಡದೆ ಹಾರಿದಳು. ಅವಳು ಓಡುವುದನ್ನು ಅವನು ಇಷ್ಟು ಸರಿಯಾಗಿ ನೋಡಿದ್ದು ಅದೇ ಮೊದಲು. ಸೋಮವಾರದಿಂದ ಅಲ್ಲಿ ಬೇರೆ ಯಾರೋ ಓಡುತ್ತಾರೆ, ಅದಕ್ಕೆ ಕಾರಣ ತಾನು ಎನ್ನಿಸಿತು.

“ಏನ್ರೀ ಇದು!” ಕೆಳಗಿನಿಂದ ಡಾಕ್ಟರು ಕೂಗಿದರು. “ನನ್ನ ಹೆಸರಿನ ಮೇಲೆ ಯಾಕ್ರೀ ಇಂಟು ಮಾರ್ಕು?”

ಬ್ರಷ್ಷಯ್ಯ ನೋಡಿದ. ಡಾಕ್ಟರ ಹೆಸರಿನ ಮೇಲೆ ಇಷ್ಟಗಲ ಕೆಂಪು ಇಂಟು! ಯಾವಾಗ ಹಾಕಿದನೋ ದೇವರೇ ಬಲ್ಲ. ಒರೆಸಿ, ಮತ್ತೆ ಬರೆದು, ಮೂರು ಸಲ ಕ್ಷಮೆ ಕೇಳಿ ಮನೆಗೆ ಬಂದರೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಿಂದ ಸಿಕ್ಕಿದ ಚೀಟಿ ಅವಳ ಕೈಯಲ್ಲಿತ್ತು.

“ಇದು ಯಾವ ಡಾಕ್ಟರ ಚೀಟಿ?”

“ಅದು... ಹಾಗೇ...”

“ಓದಾಯ್ತು. ನೆರಳು ನಿಲ್ಲಿಸಿದ್ರಿ, ಬರೆಯೋದು ನಿಲ್ಲಿಸ್ಲಿಲ್ಲ. ಅಲ್ವಾ?”

ಬ್ರಷ್ಷಯ್ಯ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತ. “ತಪ್ಪಾಯ್ತು ಮಾರಾಯ್ತಿ. ಈಗ ಏನು ಮಾಡ್ಲಿ ಹೇಳು.”

“ನಾಳೆ ಹೋಗಿ, ಇದ್ದದ್ದು ಇದ್ದ ಹಾಗೆ ಮೇಡಂಗೆ ಹೇಳಿ.”

“ಹೇಳಿದ್ರೆ ಮೋಸ ಮಾಡಿದ ಹುಡುಗಿ ಅಂತ ಅವಳನ್ನ ಪಂದ್ಯದಿಂದ ತೆಗೆದ್ರೆ?”

“ಹೇಳದೇ ಇದ್ರೆ ಆಸರೆ ತರಗತಿ ಅಂತ ಹೇಗೂ ತೆಗೀತಾರೆ. ಹೇಳಿ ಕೆಟ್ಟೋರು ನೀವಾಗಿ. ಅವಳ್ಯಾಕೆ ಆಗ್ಬೇಕು?”

ಶುಕ್ರವಾರ ಮಧ್ಯಾಹ್ನ ಮೂರಕ್ಕೇ ಶಾಲೆಯ ಗೇಟಿನ ಮುಂದೆ ನಿಂತಿದ್ದ. ನಾಲ್ಕರವರೆಗೆ ಕಾಂಪೌಂಡಿನ ಉದ್ದಕ್ಕೂ ಹನ್ನೊಂದು ಸಲ ನಡೆದ. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ, ಮರೆತ, ಮತ್ತೆ ಮಾಡಿದ. ಅಂಗೈ ಬೆವರಿ ಬೆವರಿ ಬೆರಳಿನ ಸಂದಿಯ ಹಳೇ ಬಣ್ಣವೆಲ್ಲ ಬಿಟ್ಟುಕೊಂಡಿತು.

ಕ್ಲಾಸಿನಲ್ಲಿ ಲೆಕ್ಕದ ಮೇಡಂ ಒಬ್ಬರೇ ಇದ್ದರು. ಅವನಿಗೆ ಕೂರಲು ಸಿಕ್ಕಿದ್ದು ಮಕ್ಕಳ ಕುರ್ಚಿ. ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.

“ಹೇಳಿ,” ಎಂದರು ಮೇಡಂ.

ಬಾಯಿಪಾಠ ಮಾಡಿದ್ದು ಒಂದಕ್ಷರವೂ ನೆನಪಿಗೆ ಬರಲಿಲ್ಲ. “ಮೇಡಂ, ಓಟದಿಂದ ಅವಳನ್ನ ತೆಗೀಬೇಡಿ!” ಎಂದುಬಿಟ್ಟ. “ತಪ್ಪು ನಂದು. ಬೈಯೋದಿದ್ರೆ ನನಗೆ ಬೈರಿ. ಮೂರು ವಾರದಿಂದ ದಿನಾ ಹತ್ತು ಲೆಕ್ಕ ನಾನೇ ಮಾಡಿ ಬರೆದಿದೀನಿ, ಅವಳ ಅಕ್ಷರದಲ್ಲೇ. ಆ ಕಾಗದದಲ್ಲಿ ಬರೆದು ಕಳಿಸಿದ್ದೂ ಸುಳ್ಳು. ಮಗು ಬಾಯಿಬಿಟ್ಟು ಒಂದು ದಿನಾನೂ ಮಾಡಿಕೊಡು ಅಂತ ಕೇಳಿಲ್ಲ.”

ಮೇಡಂ ಕೈಕಟ್ಟಿ ಕೇಳುತ್ತಿದ್ದರು. ಬ್ರಷ್ಷಯ್ಯ ಮಿಕ್ಕದ್ದನ್ನೂ ಹೊರಹಾಕಿದ.

“ನಿಮಗೆ ಅನುಮಾನ ಬರಬಾರ್ದು ಅಂತ ಪುಟಕ್ಕೆ ಎರಡು ತಪ್ಪು ನಾನೇ ಬೇಕಂತ ಹಾಕ್ತಿದ್ದೆ ಮೇಡಂ. ಎರಡೇ! ಆ ಲೆಕ್ಕ ಅವಳ ತಲೆ ಮೇಲೆ ಹಾಕ್ಬೇಡಿ. ಈಗ ಅದನ್ನೂ ನಿಲ್ಲಿಸಿದೀನಿ. ನಿನ್ನೆ ಪುಟದಲ್ಲಿ ನಂದು ಹತ್ತಕ್ಕೆ ಹತ್ತೂ ಸರಿ ಇರತ್ತೆ. ಮಿಕ್ಕ ತಪ್ಪು ಮಗಳದು. ಅವಳಿಗೆ ಮನೇಲಿ ನಾನೇ ಕೂತು ಹೇಳಿಕೊಡ್ತೀನಿ, ದಾರ ಇಟ್ಕೊಂಡು. ಒಂದು ತಿಂಗಳು ಟೈಮ್ ಕೊಡಿ.”

ಮೇಡಂ ಕೆಮ್ಮಿದರು. ಕರ್ಚೀಫ್ ಬಾಯಿಗೆ ಹಿಡಿದು ಇನ್ನೊಂದು ಸಲ ಕೆಮ್ಮಿದರು. ಆಮೇಲೆ ಗುರುವಾರದ ಪುಟ ತೆರೆದು ಅವನ ಮುಂದೆ ಇಟ್ಟರು.

“ಇದರಲ್ಲಿ ಏಳು ತಪ್ಪಿದೆ.”

“ನೋಡಿದ್ರಾ? ಪಾಪ, ಮಗು...”

“ಏಳೂ ನಿಮ್ಮವು.”

ಬ್ರಷ್ಷಯ್ಯನಿಗೆ ಗರ ಬಡಿದಂತಾಯಿತು. “ನಂದು ಅಂತ ಹೇಗೆ ಹೇಳ್ತೀರಿ? ಅಕ್ಷರ ಒಂದೇ ಥರ ಇದೆಯಲ್ಲ!” ಎಂದ. ಅಂಥ ಹೊತ್ತಿನಲ್ಲೂ ಬರಹದ ವಿಷಯ ಬಂದರೆ ಅವನಿಗೆ ಸುಮ್ಮನಿರಲಾಗುತ್ತಿರಲಿಲ್ಲ.

“ಅಕ್ಷರದಲ್ಲಿ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ, ಒಪ್ಪಿದೆ. ಆದ್ರೆ ನಿಮ್ಮ ಒಂದು ಲೆಕ್ಕದಲ್ಲೂ ಶೇಷ ಇಲ್ಲ. ಎಲ್ಲ ಕಡೆ ಸೊನ್ನೆ. ಐದು ಉಳೀಬೇಕಾದ ಕಡೆ ಸೊನ್ನೆ, ಹತ್ತು ಉಳೀಬೇಕಾದ ಕಡೆ ಸೊನ್ನೆ! ಅವೆಲ್ಲ ಎಲ್ಲಿಗೆ ಹೋದ್ವು?”

“ಹಂಚಿಬಿಟ್ಟೆ,” ಎಂದ ಬ್ರಷ್ಷಯ್ಯ. ಹೇಳುತ್ತಿರುವಾಗಲೇ ಅವನ ದನಿ ಇಳಿಯಿತು.

“ನಿನ್ನೆ ಅವಳನ್ನ ಕರಿಹಲಗೆಗೆ ಕರೆದು ಹತ್ತು ಲೆಕ್ಕ ಕೊಟ್ಟೆ. ಹತ್ತಕ್ಕೆ ಹತ್ತು, ಅದೂ ನನಗಿಂತ ಮುಂಚೆ! ಮನೇಲಿ ಯಾಕೆ ಹೀಗಾಗತ್ತೆ ಅಂತ ಕೇಳಿದೆ. ಅವು ಅಪ್ಪನ ಲೆಕ್ಕ ಅಂದ್ಲು. ಆಸರೆ ತರಗತಿಯ ಪಟ್ಟಿಯಿಂದ ಅವಳ ಹೆಸರು ನಿನ್ನೇನೇ ಹೊಡೆದು ಹಾಕಿದೆ. ನೀವು ಬಂದು ನಿಮ್ಮ ಬಾಯಲ್ಲಿ ಏನು ಹೇಳ್ತೀರಿ ಅಂತ ನೋಡಬೇಕಿತ್ತು, ಅದಕ್ಕೇ ಮನೇಲಿ ಹೇಳ್ಬೇಡ ಅಂದಿದ್ದೆ.”

ಓಟ ಉಳಿಯಿತು! ಬ್ರಷ್ಷಯ್ಯನ ಎದೆಯ ಮೇಲಿಂದ ಏಣಿಯೊಂದನ್ನು ಎತ್ತಿದಂತಾಯಿತು. ಕಣ್ಣು ಒದ್ದೆಯಾಯಿತು. ಎದ್ದು ಕೈ ಮುಗಿಯಲು ಹೋದ. ಕುರ್ಚಿಯೂ ಅವನ ಜೊತೆಗೇ ಎದ್ದಿತು.

“ಕೂತ್ಕೊಳ್ಳಿ, ಇನ್ನೂ ಇದೆ,” ಎಂದರು ಮೇಡಂ. “ದಿನಾ ಹತ್ತು ಲೆಕ್ಕ ಯಾಕೆ ಬಿಡ್ತಿದ್ದೆ ಅಂತಲೂ ಕೇಳಿದೆ. ಬೇಕಂತಲೇ ಬಿಡ್ತಿದ್ದಳಂತೆ. ಹೆಚ್ಚಾಗಿ ಶೇಷ ಬರುವಂಥವನ್ನೇ ಆರಿಸಿ. ನಿಮಗೆ ಅಭ್ಯಾಸ ಆಗ್ಲಿ ಅಂತ.”

“ನ... ನನಗಾ?”

“ನಿಮಗೇ. ಇನ್ನು ಮೇಲೆ ಇಪ್ಪತ್ತೂ ಲೆಕ್ಕ ನೀನೇ ಮಾಡು, ಅಪ್ಪನಿಗೆ ಇಷ್ಟೊಂದು ಸಹಾಯ ಮಾಡೋದು ಅವರಿಗೇ ಒಳ್ಳೇದಲ್ಲ ಅಂತ ಅವಳಿಗೆ ತಿಳಿಸಿ ಹೇಳಿದೀನಿ.”

ಬ್ರಷ್ಷಯ್ಯ ಕುರ್ಚಿ ಬಿಡಿಸಿಕೊಂಡು ಹೊರಗೆ ಬಂದ. ಉದ್ದನೆಯ ವರಾಂಡದ ಬೆಂಚಿನ ಮೇಲೆ ಕಡ್ಡಿ ಓಟದ ಬಟ್ಟೆ ಹಾಕಿಕೊಂಡು ಕಾಯುತ್ತಿದ್ದಳು. ಅಪ್ಪನ ಮುಖ ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅವನು ಕೂತ.

“ತುಂಬಾ ಬೈದ್ರಾ?”

“ಇಲ್ಲಮ್ಮ.”

“ನಿನ್ನೆಯದು ಎಷ್ಟು ತಪ್ಪು ಅಂದ್ರು?”

“ಏಳು,” ಎಂದ, ಷೂ ನೋಡಿಕೊಳ್ಳುತ್ತಾ.

“ಪರವಾಗಿಲ್ಲ ಅಪ್ಪ! ಮೊದಲು ಒಂಬತ್ತಿರ್ತಿತ್ತು. ಎರಡು ಕಡಿಮೆಯಾಗಿದೆ.”

ಆ ಎರಡು ಎಲ್ಲಿಂದ ಕಡಿಮೆಯಾದವು ಎಂದು ಬ್ರಷ್ಷಯ್ಯನಿಗೆ ಗೊತ್ತಿತ್ತು. ಮೈದಾನದಿಂದ ಸೀಟಿ ಕೇಳಿಸಿತು. ಕಡ್ಡಿ ಎದ್ದು ನಿಂತು ಅವನ ಬೆನ್ನಿನ ಮೇಲೆ ಎರಡು ಸಲ ತಟ್ಟಿದಳು.

“ಬೇಜಾರು ಮಾಡ್ಕೋಬೇಡ. ನಾನು ಮೇಡಂಗೆ ಹೇಳಿದೀನಿ, ನಮ್ಮಪ್ಪ ದಡ್ಡ ಅಲ್ಲ ಮೇಡಂ, ಬುದ್ಧಿ ಇದೆ, ಗಮನ ಕೊಡಲ್ಲ ಅಷ್ಟೇ ಅಂತ.”